ಹಳ್ಳ ಮತ್ತೆ ಹರಿಯಬೇಕಾದರೆ: ಊರಿನ ಅಂತರ್ಜಲ ಉಳಿಸುವ ಕೆಲಸಕ್ಕೆ ಮುಂದಾಳಾಗುವವರಿಗೆ ಸಮಗ್ರ ಮಾರ್ಗದರ್ಶಿ

ಚೆಕ್ ಡ್ಯಾಂ ಕಟ್ಟಿದ್ದಾಯಿತು, ಕೆರೆ ಹೂಳು ಎತ್ತಿದ್ದಾಯಿತು, ಇಂಗುಗುಂಡಿ ತೋಡಿದ್ದೂ ಆಯಿತು. ಹಳ್ಳ ಮಾತ್ರ ದೀಪಾವಳಿ ಹೊತ್ತಿಗೇ ಒಣಗುತ್ತದೆ. "ಎಲ್ಲಿ ತಪ್ಪಿದೆವು?" ಎಂದು ಕೇಳುವವರು ಒಬ್ಬಿಬ್ಬರಲ್ಲ. ಅವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ಕೆಲಸ ಶುರುವಾದ ಮೇಲೆ ಊರಲ್ಲಿ ಎಷ್ಟು ಹೊಸ ಬೋರ್ ಕೊರೆಸಿದ್ದಾರೆ? ಹೆಚ್ಚಿನ ಸಲ ಉತ್ತರದಲ್ಲೇ ತಪ್ಪು ಸಿಗುತ್ತದೆ. ಇಂಗಿದ ನೀರು ಹಳ್ಳಕ್ಕೆ ಬರುವ ಮೊದಲೇ ಮೋಟಾರಿಗೆ ಹೋಗಿರುತ್ತದೆ.

ಹಾಗಾಗಿ ಇಲ್ಲಿ ಹೇಳುವ ಹಂತಗಳ ಕ್ರಮ ಮುಖ್ಯ. ಮೊದಲು ಅಳತೆ, ಆಮೇಲೆ ನೀರು ಎತ್ತುವ ಬಗ್ಗೆ ಒಪ್ಪಂದ, ಕೊನೆಗೆ ಕಟ್ಟುವ ಕೆಲಸ. ಬಹಳ ಊರುಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ.

ಇಲ್ಲಿ ಬರೆದಿರುವುದು ಗಟ್ಟಿಬಂಡೆಯ ಸೀಮೆಗೆ: ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ರಾಮನಗರ, ತುಮಕೂರು, ಚಿತ್ರದುರ್ಗದ ಕಡೆಯ ಊರುಗಳಿಗೆ. ಕರಾವಳಿಯ ಮುರಕಲ್ಲು ನೆಲದ ಲೆಕ್ಕ ಬೇರೆ, ಅದನ್ನು ಇಲ್ಲಿ ಬೆರೆಸಿಲ್ಲ.

## ಶುರು ಮಾಡುವ ಮುಂಚೆ: ಹಳ್ಳಕ್ಕೆ ನೀರು ಎಲ್ಲಿಂದ ಬರುತ್ತದೆ?

ಮಳೆ ಬಿದ್ದ ದಿನ ಹಳ್ಳದಲ್ಲಿ ಕೆಂಪಗೆ ಹರಿಯುವುದು ಮೇಲಿನ ನೀರು. ಅದು ಒಂದೆರಡು ದಿನದ್ದು. ಮಳೆ ನಿಂತು ತಿಂಗಳಾದ ಮೇಲೂ ತಿಳಿಯಾಗಿ, ಸಣ್ಣಗೆ ಹರಿಯುತ್ತದಲ್ಲ, ಅದು ನೆಲದೊಳಗಿನ ನೀರು. ಬಂಡೆಯ ಮೇಲಿರುವ ಪುಡಿಕಲ್ಲಿನ ಪದರದಲ್ಲಿ ನಿಂತ ನೀರು ಒರತೆಯಾಗಿ ಹಳ್ಳಕ್ಕೆ ಇಳಿಯುತ್ತದೆ. ಆ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಕೆಳಗೆ ಹೋದ ದಿನ ಒರತೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಳ್ಳಕ್ಕೆ ನೀರು ಬಂದರೂ ನೆಲ ಅದನ್ನು ಕುಡಿದುಬಿಡುತ್ತದೆ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಯಾಕೆ ಸೊರಗಿತು ಎಂದು ಅಧ್ಯಯನ ಮಾಡಿದ ವಿಜ್ಞಾನಿಗಳು ಮಳೆ ಕಡಿಮೆಯಾದದ್ದನ್ನು ಮುಖ್ಯ ಕಾರಣ ಎನ್ನಲಿಲ್ಲ. ಕೊಳವೆಬಾವಿಗಳಿಂದ ಎತ್ತಿದ ನೀರು ಮತ್ತು ನೀಲಗಿರಿ ತೋಪುಗಳ ಕಡೆಗೇ ಅವರು ಬೆರಳು ತೋರಿಸಿದರು. "ಮಳೆನೇ ಇಲ್ಲ, ಏನು ಮಾಡೋದು" ಎಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತಾಗ ಇದು ನೆನಪಿರಲಿ.

## ಬೇಕಾಗುವ ಸಾಮಾನು

ದುಬಾರಿಯದು ಒಂದೂ ಇಲ್ಲ. 50 ಮೀಟರ್ ಅಳತೆ ಟೇಪು. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು. 20 ಲೀಟರ್ ಬಕೆಟ್, 200 ಲೀಟರ್ ಡ್ರಮ್ಮು. ಫೋನಿನ ಸ್ಟಾಪ್‌ವಾಚ್. ಒಂದು ಮಲ್ಟಿಮೀಟರ್, 100 ಮೀಟರ್ ಜೋಡಿ ವೈರು. ಮಳೆ ಅಳೆಯಲು ನೇರ ಗೋಡೆಯ ಡಬ್ಬ ಮತ್ತು ಸ್ಕೇಲು. ರಟ್ಟಿನ ದಪ್ಪ ನೋಟ್‌ಬುಕ್. ಗ್ರಾಮ ನಕ್ಷೆಯ ಪ್ರತಿ. ಫೋನಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಹಳ್ಳ, ರಾಜಕಾಲುವೆ ಒತ್ತುವರಿಯಾಗಿದ್ದರೆ ಮೇಲ್ನೋಟಕ್ಕೆ ಅಲ್ಲೇ ತಿಳಿಯುತ್ತದೆ. ಗಡಿ ಖಾತ್ರಿಯಾಗಬೇಕಾದರೆ ಮಾತ್ರ ಸರ್ವೆಯವರೇ ಬಂದು ಅಳೆಯಬೇಕು.

ಅಟಲ್ ಭೂಜಲ ಯೋಜನೆ ನಡೆದ ಪಂಚಾಯತಿ ನಿಮ್ಮದಾದರೆ ಪಿಡಿಒ ಅವರನ್ನು ಕೇಳಿ. 'ಜಲ ಭದ್ರತಾ ಯೋಜನೆ' ಎಂಬ ಕಡತ ಅಲ್ಲಿರಬೇಕು. ಅಳತೆ ಸಾಧನಗಳೂ ಸಿಗಬಹುದು.

## ಹಂತ 1: ಜನರನ್ನು ಸೇರಿಸುವುದು

ಎಂಟು ಹತ್ತು ಜನ ಸಾಕು. ಆದರೆ ಯಾರು ಎಂಬುದು ಮುಖ್ಯ. ಬೋರ್ ಇರುವ ದೊಡ್ಡ ರೈತರಷ್ಟೇ ಸೇರಿದರೆ ಅದು ಬೋರ್ ಉಳಿಸಿಕೊಳ್ಳುವವರ ಗುಂಪಾಗುತ್ತದೆ. ಬೋರ್ ಇಲ್ಲದ ರೈತರು ಬೇಕು. ಕುಡಿಯುವ ನೀರಿಗೆ ಕಾಯುವ ಹೆಂಗಸರು ಬೇಕು. ಕುರಿ ಮೇಯಿಸುವವರು ಬೇಕೇ ಬೇಕು. ಹಳ್ಳದಲ್ಲಿ ಯಾವ ಗುಂಡಿ ಯಾವ ತಿಂಗಳಲ್ಲಿ ಬತ್ತುತ್ತದೆ ಎಂದು ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು. ಊರಲ್ಲಿ ನೀರುಗಂಟಿ ಕೆಲಸ, ಅಂದರೆ ಕೆರೆ ನೀರು ಹಂಚುವ ಕೆಲಸ, ಮಾಡಿದ ಹಿರಿಯರಿದ್ದರೆ ಅವರ ಮನೆಗೆ ನೀವೇ ಹೋಗಿ.

ಸಾಮಾನ್ಯ ತಪ್ಪು: ಮೊದಲ ಸಭೆಯಲ್ಲೇ "ಇಷ್ಟು ಲಕ್ಷದ ಕಾಮಗಾರಿ ತರುತ್ತೇವೆ" ಎನ್ನುವುದು. ಆ ಮಾತು ಹೊರಬಿದ್ದ ಕ್ಷಣದಿಂದ ಚರ್ಚೆ ನೀರಿನದ್ದಲ್ಲ, ಬಿಲ್ಲಿನದ್ದು.

ಕೆಲಸದ ಗಡಿಯನ್ನು ಊರಿನ ಗಡಿಗೆ ನಿಲ್ಲಿಸಬೇಡಿ. ನಿಮ್ಮ ಹಳ್ಳಕ್ಕೆ ನೀರು ಬರುವ ಏರು ಪಕ್ಕದ ಊರಿನಲ್ಲಿದ್ದರೆ ಅಲ್ಲಿಂದಲೂ ಇಬ್ಬರನ್ನು ಕರೆಯಿರಿ. ಸುಮಾರು 500 ಹೆಕ್ಟೇರ್, ಅಂದರೆ 1,200 ಎಕರೆಯ ಆಸುಪಾಸು, ಒಂದು ಗುಂಪು ನಡೆದು ನೋಡಿ ನಿಭಾಯಿಸಬಹುದಾದ ಅಳತೆ.

## ಹಂತ 2: ಹಳ್ಳದುದ್ದಕ್ಕೂ ನಡೆಯುವುದು

ಮಳೆಗಾಲ ಮುಗಿದು ಚಿತ್ತೆ, ಸ್ವಾತಿ ಮಳೆ ಕಳೆದ ಮೇಲೆ ಒಂದು ಸಲ, ಮಾರ್ಚ್‌ನಲ್ಲಿ ಇನ್ನೊಂದು ಸಲ ನಡೆಯಿರಿ. ಕೆಳಗಿನಿಂದ ಮೇಲಕ್ಕೆ, ಹಳ್ಳದ ತಳದಲ್ಲೇ. ರಸ್ತೆಯಲ್ಲಿ ಬೈಕ್ ನಿಲ್ಲಿಸಿ ನೋಡಿದರೆ ಏನೂ ತಿಳಿಯುವುದಿಲ್ಲ.

ನಕ್ಷೆಯಲ್ಲಿ ಗುರುತು ಹಾಕಬೇಕಾದ್ದು: ಒರತೆ ಇರುವ ಜಾಗ, ಮರಳು ಉಳಿದಿರುವ ಜಾಗ, ಮರಳು ತೆಗೆದು ಬರೀ ಬಂಡೆ ಕಾಣುವ ಜಾಗ, ಒತ್ತುವರಿ, ಕೊಳಚೆ ಸೇರುವ ಬಾಯಿ, ದಡದಿಂದ ಕಾಣುವ ಬೋರ್‌ಗಳು. ಪಾವಗಡ, ಮಧುಗಿರಿ ಕಡೆಯವರಾದರೆ ಹಳೆಯ ತಲಪರಿಗೆಗಳನ್ನು, ಅಂದರೆ ಒರತೆ ಗುಂಡಿಗಳನ್ನು, ಹುಡುಕಿ. ಹೂಳು ತುಂಬಿ ಮುಚ್ಚಿದ್ದರೂ ಅವು ನೆಲದ ನೀರು ಮೇಲೆ ಬರುತ್ತಿದ್ದ ಜಾಗಗಳೇ. ನಾಳೆ ಕೆಲಸ ಫಲಿಸಿದರೆ ಮೊದಲು ತೇವ ಕಾಣುವುದೂ ಅಲ್ಲೇ.

ಗಿಡಮರವನ್ನೂ ನೋಡಿ. ಹೊಳೆಮತ್ತಿಯ ತುದಿ ಕೊಂಬೆಗಳು ಒಣಗಿ ಬುಡ ಮಾತ್ರ ಹಸಿರಿದ್ದರೆ ಅದರ ಬೇರಿಗೆ ನೀರು ಎಟುಕುತ್ತಿಲ್ಲವೇನೋ ಎಂದು ಯೋಚಿಸಬೇಕು. ಮಾರ್ಚ್‌ನಲ್ಲೂ ಜೊಂಡು ಹಸಿರಾಗಿದ್ದು ಕಲ್ಲಿನ ಸಂದಿಯಲ್ಲಿ ಏಡಿ ಸಿಕ್ಕರೆ ಅಲ್ಲಿ ನೆಲದ ನೀರು ಇನ್ನೂ ಹತ್ತಿರದಲ್ಲಿದೆ. ಆ ಜಾಗಕ್ಕೆ ಯಾವ ಕಾರಣಕ್ಕೂ ಜೆಸಿಬಿ ಇಳಿಸಬೇಡಿ. 'ಹಳ್ಳ ಸ್ವಚ್ಛತೆ' ಹೆಸರಲ್ಲಿ ಜೊಂಡು, ಲಕ್ಕಿ, ಮರಳು ಎಲ್ಲ ಕೆರೆದು ಹಳ್ಳವನ್ನು ಚರಂಡಿಯಂತೆ ಮಾಡಿದ ಕಡೆ ನಾನು ನಿಂತು ನೋಡಿದ್ದೇನೆ. ಮುಂದಿನ ಮಳೆಯಲ್ಲಿ ನೀರು ಒಂದೇ ಓಟದಲ್ಲಿ ಹೊರಟುಹೋಯಿತು. ನಿಲ್ಲಲು ಮರಳಿರಲಿಲ್ಲ, ತಡೆಯಲು ಬೇರಿರಲಿಲ್ಲ.

## ಹಂತ 3: ಅಳತೆ

ಈ ಹಂತಕ್ಕೆ ಒಂದು ವರ್ಷ ಕೊಡಿ. ಬೇಸರ ಬರುತ್ತದೆ, ನಿಜ. ಆದರೆ ಮುಂದಿನ ಒಪ್ಪಂದ ನಿಲ್ಲುವುದು ಈ ನೋಟ್‌ಬುಕ್ಕಿನ ಮೇಲೆ.

ತೆರೆದ ಬಾವಿ. ಹಳ್ಳದ ಹತ್ತಿರ, ನಡುವೆ, ಏರಿನಲ್ಲಿ ಹೀಗೆ ಐದಾರು ಬಾವಿ ಆರಿಸಿ. ಬಾವಿಕಟ್ಟೆಯ ಮೇಲೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಪ್ರತಿ ಸಲವೂ ಅಳತೆ ಆ ಗೆರೆಯಿಂದಲೇ. ಟೇಪಿನ ತುದಿಗೆ ಸಣ್ಣ ಸ್ಟೀಲ್ ಲೋಟವನ್ನು ಬೋರಲಾಗಿ ಕಟ್ಟಿ ಇಳಿಸಿ. ನೀರು ಮುಟ್ಟಿದ ಕೂಡಲೇ 'ಗುಳುಕ್' ಎಂದು ಸದ್ದು ಬರುತ್ತದೆ. ಕತ್ತಲ ಬಾವಿಯಲ್ಲೂ ತಪ್ಪುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ, ಮೋಟಾರು ಹಾಕುವ ಮುಂಚೆ ನೋಡಿ. ಪಾಳು ಬಾವಿಗೆ ಯಾರನ್ನೂ ಇಳಿಸಬೇಡಿ. ತಳದಲ್ಲಿ ಕೆಟ್ಟ ಗಾಳಿ ಇರುತ್ತದೆ, ಜೀವ ಹೋಗುತ್ತದೆ.

ಕೊಳವೆಬಾವಿ. ಬಳಸದೆ ಬಿಟ್ಟ ಬೋರ್ ಇದ್ದರೆ ಅದೇ ಒಳ್ಳೆಯದು. ಜೋಡಿ ವೈರಿನ ಕೆಳತುದಿಯಲ್ಲಿ ಎರಡೂ ತಂತಿ ಸುಲಿದು, ಒಂದಕ್ಕೊಂದು ತಾಗದಂತೆ ಬೆರಳಗಲ ದೂರದಲ್ಲಿ ಕಟ್ಟಿ, ಸಣ್ಣ ಭಾರ ಸೇರಿಸಿ ಇಳಿಸಿ. ಮೇಲಿನ ತುದಿಗೆ ಮಲ್ಟಿಮೀಟರ್. ನೀರು ಮುಟ್ಟಿದಾಗ ಅಂಕಿ ಥಟ್ಟನೆ ಬದಲಾಗುತ್ತದೆ. ಮೋಟಾರು ಇರುವ ಬೋರಿಗೆ ವೈರು ಬಿಡುವ ಮೊದಲು ಸ್ಟಾರ್ಟರ್ ಆರಿಸಿ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಅಳತೆ ಮುಗಿದ ಮೇಲೆ ಬಾಯಿ ಮುಚ್ಚಿ. ತೆರೆದ ಬೋರ್ ಒಂದು ಗಳಿಗೆಯೂ ಇರಕೂಡದು. ಮಕ್ಕಳು ಓಡಾಡುವ ಜಾಗ ಅದು.

ಹಳ್ಳದ ಹರಿವು. ಸಣ್ಣ ಹರಿವಿಗೆ ಅಡ್ಡಲಾಗಿ ಕೆಸರಿನ ಕಟ್ಟೆ ಹಾಕಿ, ಒಂದು ಪೈಪು ಇಟ್ಟು, ನೀರನ್ನು ಬಕೆಟ್ಟಿಗೆ ಹಿಡಿಯಿರಿ. 20 ಲೀಟರ್ ಬಕೆಟ್ 10 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್. ಸಣ್ಣದು ಅನ್ನಿಸಬಹುದು. ದಿನಕ್ಕೆ 1,72,800 ಲೀಟರ್ ಆಯಿತಲ್ಲ! ಕೆಲಸ ಮುಗಿದ ಮೇಲೆ ಕಟ್ಟೆ ಒಡೆದು ಬನ್ನಿ. ಹರಿವು ಪೂರ್ತಿ ನಿಂತ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ.

ಎತ್ತುವ ನೀರು. "ಎರಡು ಇಂಚು ಬರುತ್ತೆ", "ಮೂರು ಇಂಚು ಬಂದಿತ್ತು" ಎಂಬ ಮಾತಿನ ಮೇಲೆ ಲೆಕ್ಕ ಹಾಕಬೇಡಿ. 200 ಲೀಟರ್ ಡ್ರಮ್ಮು ಇಟ್ಟು ಹಿಡಿಯಿರಿ. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್.

ಈಗ ಇಡೀ ಮಾರ್ಗದರ್ಶಿಯಲ್ಲಿ ತುಂಬ ಮುಖ್ಯವಾದ ಅಳತೆ. ಮಟ್ಟದ ಪೈಪು ಹಿಡಿದು ಹಳ್ಳದ ಹತ್ತಿರದ ಬಾವಿಯ ಗೆರೆಯಿಂದ ಹಳ್ಳದ ತಳ ಎಷ್ಟು ಕೆಳಗಿದೆ ಎಂದು ನೋಡಿ. ಉದಾಹರಣೆಗೆ ತಳ 4 ಮೀಟರ್ ಕೆಳಗಿದೆ, ಬಾವಿಯ ನೀರು 3 ಮೀಟರಿನಲ್ಲಿದೆ ಎಂದುಕೊಳ್ಳಿ. ನೆಲ ಹಳ್ಳಕ್ಕೆ ನೀರು ಕೊಡುತ್ತಿದೆ. ಬಾವಿಯ ನೀರು 9 ಮೀಟರಿಗೆ ಇಳಿದಿದ್ದರೆ ಹಳ್ಳಕ್ಕೂ ನೆಲದ ನೀರಿಗೂ ನಡುವೆ 5 ಮೀಟರ್ ಒಣಮಣ್ಣಿದೆ. ನೀವು ಗೆಲ್ಲಬೇಕಾದ್ದು ಆ 5 ಮೀಟರ್. ತೆರೆದ ಬಾವಿಗಳೆಲ್ಲ ತಳ ಕಂಡಿದ್ದರೆ ಹಳ್ಳದ ಮಾತು ಸದ್ಯಕ್ಕೆ ಬಿಡಿ. ಮೊದಲ ಗುರಿ ಬಾವಿಯಲ್ಲಿ ನೀರು ಕಾಣುವುದು. ಅದಕ್ಕೇ ಹಲವು ಒಳ್ಳೆಯ ಮಳೆಗಾಲ ಬೇಕಾಗಬಹುದು. ಜನರಿಗೆ ಇದನ್ನು ಮೊದಲೇ ಹೇಳಿ, ಸುಮ್ನೆ ಆಸೆ ಹುಟ್ಟಿಸಬೇಡಿ.

## ಹಂತ 4: ನೀರಿನ ಜಮಾಖರ್ಚು

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. ಎಕರೆಗೆ ಸುಮಾರು 4,047 ಲೀಟರ್. ನಮ್ಮ ಗಟ್ಟಿಬಂಡೆಯ ಸೀಮೆಯಲ್ಲಿ ಬಿದ್ದ ಮಳೆಯಲ್ಲಿ ನೆಲಕ್ಕೆ ಇಂಗುವುದು ನೂರಕ್ಕೆ 5ರಿಂದ 12 ಪಾಲು ಎಂದು ಹಿಡಿಯುತ್ತಾರೆ. ನಾವು 8 ಹಿಡಿಯೋಣ.

ವರ್ಷಕ್ಕೆ 700 ಮಿಲಿಮೀಟರ್ ಮಳೆ, 500 ಹೆಕ್ಟೇರ್ ಜಾಗ. ಇಂಗುವುದು 56 ಮಿಲಿಮೀಟರ್, ಒಟ್ಟು 28 ಕೋಟಿ ಲೀಟರ್. ಇದು ಜಮೆ.

ಖರ್ಚು ನೋಡಿ. ಗಂಟೆಗೆ 6,000 ಲೀಟರ್ ಎತ್ತುವ ಬೋರ್ ದಿನಕ್ಕೆ 7 ಗಂಟೆಯಂತೆ 120 ದಿನ ಓಡಿದರೆ 50 ಲಕ್ಷ ಲೀಟರ್ ದಾಟುತ್ತದೆ. ಅಂಥ 60 ಬೋರ್ ಇದ್ದರೆ 30 ಕೋಟಿ. ಒಂದು ಬೆಳೆಗೇ ಜಮೆ ಮುಗಿದು ಸಾಲ ಶುರುವಾಯಿತು. ಕುಡಿಯುವ ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಳ್ಳದ ಪಾಲಂತೂ ಇಲ್ಲವೇ ಇಲ್ಲ. ಎತ್ತಿದ ನೀರಿನಲ್ಲಿ ಸ್ವಲ್ಪ ಮತ್ತೆ ಹೊಲದಿಂದ ಇಂಗುತ್ತದೆ, ಕೆರೆಯಿಂದಲೂ ಒಂದಿಷ್ಟು ಇಂಗುತ್ತದೆ, ನಿಜ. ಇದು ಪೈಸೆ ಪೈಸೆಯ ಲೆಕ್ಕವಲ್ಲ. ಆದರೆ ಊರು ಎತ್ತ ಹೋಗುತ್ತಿದೆ ಎಂದು ತೋರಿಸಲು ಸಾಕು.

ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿ ಪ್ರಿಂಟ್ ಹಂಚಬೇಡಿ. ಶಾಲೆ ಗೋಡೆಯ ಮೇಲೆ, ಎಲ್ಲರ ಎದುರು, ಸುಣ್ಣದ ಬಳಪದಲ್ಲಿ ಬರೆಯಿರಿ. ಒಂದು ಊರಲ್ಲಿ ನಾವು ಬಿಂದಿಗೆ ಇಟ್ಟು ಮಾಡಿದೆವು. ಕೋಟಿ ಲೀಟರಿಗೆ ಒಂದರಂತೆ ಜಮೆಗೆ 28 ಬಿಂದಿಗೆ ಒಂದು ಸಾಲು, ಖರ್ಚಿಗೆ ಎದುರು ಸಾಲು. ಖರ್ಚಿನ ಸಾಲಿಗೆ ಬಿಂದಿಗೆ ಸಾಲದೆ ಪಕ್ಕದ ಮನೆಯಿಂದ ತರಬೇಕಾಯಿತು. ಹಿಂದೆ ಕೂತಿದ್ದ ಅಜ್ಜಿ ಒಬ್ಬರು ಎದ್ದು ಬಂದು, "ಹಳ್ಳಕ್ಕೆ ಅಂತ ಒಂದಾದ್ರೂ ತೆಗೆದಿಡ್ರಪ್ಪ" ಎಂದು ಒಂದು ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿದರು. ಆ ದಿನದಿಂದ ಲೆಕ್ಕದಲ್ಲಿ ಹಳ್ಳಕ್ಕೆ ಬೇರೆ ಸಾಲು ಇಡುವುದನ್ನು ನಾನು ಬಿಟ್ಟಿಲ್ಲ. ನೀವೂ ಇಡಿ. ಉಳಿದರೆ ಹಳ್ಳಕ್ಕೆ ಎಂದರೆ ಯಾವ ವರ್ಷವೂ ಉಳಿಯುವುದಿಲ್ಲ.

## ಹಂತ 5: ಎತ್ತುವ ನೀರಿಗೆ ಒಪ್ಪಂದ

ಕಷ್ಟದ ಹಂತ ಇದೇ. ಹೆಚ್ಚಿನವರು ಇದನ್ನು ಹಾರಿಸಿ ನೇರವಾಗಿ ಕಾಮಗಾರಿಗೆ ಹೋಗುತ್ತಾರೆ.

ಒಪ್ಪಂದದಲ್ಲಿ ನಾಲ್ಕು ವಿಷಯ ಇದ್ದರೆ ಅದು ಕೆಲಸ ಮಾಡುತ್ತದೆ. ಹಳ್ಳದ ಎರಡೂ ದಡದಲ್ಲಿ ಊರೇ ಗೊತ್ತುಮಾಡಿದ ದೂರದವರೆಗೆ ನೀರಾವರಿಗೆ ಹೊಸ ಬೋರ್ ಇಲ್ಲ. ಬೇಸಿಗೆಯಲ್ಲಿ ಬೋರ್ ನೀರಿನ ಭತ್ತ ಇಲ್ಲ. ಟ್ಯಾಂಕರಿಗೆ ನೀರು ಮಾರುವಂತಿಲ್ಲ. ಬೋರ್ ಇಲ್ಲದವರಿಗೆ ಪಕ್ಕದ ಬೋರಿನಿಂದ ಒಂದು ಬೆಳೆ ಉಳಿಸುವಷ್ಟು ನೀರು.

ನಾಲ್ಕನೆಯದನ್ನು ಬಿಟ್ಟು ಮೊದಲ ಮೂರನ್ನು ಹೇರಿದರೆ ಒಪ್ಪಂದ ಮುರಿಯುತ್ತದೆ, ಮುರಿಯಲೂ ಬೇಕು. ಐದು ಬೋರ್ ಕೊರೆಸಿದವರು ಎದ್ದು ನಿಂತು, ಸಾಲ ಮಾಡಿ ಮೊದಲ ಬೋರ್ ಕೊರೆಸಲು ಹೊರಟವನಿಗೆ "ಬೇಡ" ಎನ್ನುವುದು ಯಾವ ನ್ಯಾಯ? ನಾನು ಮುಂದೆ ನಿಂತು ಮಾಡಿಸಿದ ಮೊದಲ ಒಪ್ಪಂದ ಕುಸಿದದ್ದು ಹೀಗೇ. ಎರಡು ಎಕರೆಯ ರೈತರೊಬ್ಬರು ರಾತ್ರಿ ಬೋರ್ ಕೊರೆಯುವ ರಿಗ್ ತರಿಸಿದರು. ಬೆಳಿಗ್ಗೆ ಅವರ ಮನೆ ಮುಂದೆ ಊರು ಸೇರಿತು. "ನನ್ನ ಟೊಮೆಟೊಗೆ ಒಂದು ವಾರ ನೀರು ಕೇಳಿದಾಗ ಯಾರಪ್ಪ ಬಂದ್ರಿ?" ಎಂದು ಅವರು ಕೇಳಿದರು. ಯಾರ ಬಳಿಯೂ ಉತ್ತರ ಇರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಆಮೇಲೆ ಎಲ್ಲ ಕಡೆ ನೀರು ಹಂಚಿಕೊಳ್ಳುವ ಮಾತಿನಿಂದಲೇ ಶುರು ಮಾಡುತ್ತೇನೆ.

ಬೆಳೆಯ ಮಾತಿಗೆ ಅಂಕಿ ಬಳಸಿ. ಒಂದು ಎಕರೆ ಬೇಸಿಗೆ ಭತ್ತಕ್ಕೆ 1,200 ಮಿಲಿಮೀಟರ್ ನೀರೆಂದರೆ 48 ಲಕ್ಷ ಲೀಟರಿಗೂ ಜಾಸ್ತಿ. ರಾಗಿಗೆ 400 ಮಿಲಿಮೀಟರ್ ಎಂದರೆ 16 ಲಕ್ಷ, ಅದರಲ್ಲೂ ಹೆಚ್ಚಿನದನ್ನು ಮಳೆಯೇ ಕೊಡುತ್ತದೆ. ಯಾರು ಏನು ಬೆಳೆಯಬೇಕೆಂದು ಗುಂಪು ಅಪ್ಪಣೆ ಕೊಡುವುದು ಬೇಡ. ಆಂಧ್ರದ ಬರದ ಜಿಲ್ಲೆಗಳಲ್ಲಿ ರೈತರೇ ಬಾವಿ ಅಳೆದು, ಲೆಕ್ಕವನ್ನು ಊರ ಗೋಡೆಯ ಮೇಲೆ ಬರೆದು, ಬೆಳೆಯನ್ನು ಅವರವರೇ ತೀರ್ಮಾನಿಸಿದರು. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ಇನ್ನೂ ಬಿಗಿ: ನೀರಾವರಿಗೆ ಕೊಳವೆಬಾವಿಯೇ ಬೇಡ ಎಂದು ಊರು ಒಪ್ಪಿತು, ಪ್ರತಿ ವರ್ಷ ನೀರಿನ ಲೆಕ್ಕ ನೋಡಿ ಬೆಳೆ ಯೋಜನೆ ಮಾಡಿತು. ನಿಮ್ಮ ಊರಿಗೆ ಯಾವುದು ಒಗ್ಗುತ್ತದೆ ಎಂದು ನೀವೇ ನೋಡಿ.

ಹನಿ ನೀರಾವರಿ ಬಗ್ಗೆ ಎಚ್ಚರ. ಹನಿ ಹಾಕಿದ ರೈತ ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಬಿತ್ತಿದರೆ ನೆಲದಲ್ಲಿ ಏನೂ ಉಳಿಯಲಿಲ್ಲ. ಹನಿ ಹಾಕುವವರು ಎಕರೆ ಹೆಚ್ಚಿಸುವುದಿಲ್ಲ ಎಂಬ ಮಾತೂ ಒಪ್ಪಂದದಲ್ಲಿ ಸೇರಲಿ.

ಒಪ್ಪಿದ್ದನ್ನು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಕಾನೂನೂ ಕೈಗೆ ಬರುತ್ತದೆ. ಕುಡಿಯುವ ನೀರಿನ ಮೂಲ ಕಾಪಾಡಲು ರಾಜ್ಯ ತಂದ 1999ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ತಾಲೂಕುಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಬೇಕು. ಕಾನೂನನ್ನು ಬೆದರಿಕೆಯಾಗಿ ಮೊದಲೇ ತೆಗೆಯಬೇಡಿ. ಹೊರಗಿನವರು ಬಂದು ಕೊರೆಸುವಾಗ ಅದು ಉಪಯೋಗಕ್ಕೆ ಬರುತ್ತದೆ.

## ಹಂತ 6: ಈಗ ಮಣ್ಣಿನ ಕೆಲಸ

ಏರಿನಿಂದ ಇಳಿಜಾರಿಗೆ ಬನ್ನಿ. ಮೊದಲು ಗುಡ್ಡ, ಗೋಮಾಳ. ಆಮೇಲೆ ಹೊಲದ ಬದು. ಆಮೇಲೆ ಕೊರಕಲುಗಳಿಗೆ ಕಲ್ಲಿನ ತಡೆ. ಚೆಕ್ ಡ್ಯಾಂ ಕೊನೆಗೆ, ಬೇಕಿದ್ದರೆ ಮಾತ್ರ. ಇದಕ್ಕೆ ಕಾರಣವಿದೆ. ಹಳ್ಳದ ಪಕ್ಕದಲ್ಲಿ ಇಂಗಿದ ನೀರು ಬೇಗ ಹಳ್ಳಕ್ಕೆ ಬಂದು ಮುಗಿಯುತ್ತದೆ. ಏರಿನಲ್ಲಿ ಇಂಗಿದ್ದು ನಿಧಾನಕ್ಕೆ ಇಳಿದು ಸಂಕ್ರಾಂತಿ ಆಚೆಗೆ ಒದಗುತ್ತದೆ. ನಮಗೆ ಬೇಕಾದ್ದು ಆ ತಡವಾದ ನೀರು.

ಎಲ್ಲಿ ತೋಡಬೇಕೆಂದು ತಿಳಿಯಲು ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಮೊದಲ ಸಲದ್ದನ್ನು ಮಣ್ಣು ಕುಡಿಯಲಿ. ಮತ್ತೆ ತುಂಬಿ ಗಂಟೆ ನೋಡಿ. ಒಂದು ಗಂಟೆಯಲ್ಲಿ ಅರ್ಧ ಇಂಚೂ ಇಳಿಯದಿದ್ದರೆ ಅಲ್ಲಿ ಇಂಗುಗುಂಡಿ ಬೇಡ, ಗೋಕಟ್ಟೆ ಮಾಡಿ. ದನಕರು ಕುಡಿಯಲಿ.

ಕೊರಕಲಿನ ಕಲ್ಲುತಡೆಗಳಲ್ಲಿ ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ನಡುಭಾಗ ತಗ್ಗಿರಲಿ. ನಡು ಎತ್ತರವಾದರೆ ನೀರು ಪಕ್ಕದ ಮಣ್ಣು ಕೊರೆದು ಸುತ್ತಿ ಹೋಗುತ್ತದೆ.

ಒಂದೇ ಹಳ್ಳಕ್ಕೆ ಸಾಲಾಗಿ ಹತ್ತು ಚೆಕ್ ಡ್ಯಾಂ ಕಟ್ಟಿದರೆ ಕೆಳಗಿನ ಕೆರೆ ಕೋಡಿ ಬೀಳುವುದೇ ನಿಲ್ಲುತ್ತದೆ. ನಿಮ್ಮ ಊರಿಗೆ ನೀರು, ಕೆಳಗಿನ ಊರಿಗೆ ಬರ. ಕಟ್ಟುವುದಾದರೆ ತಗ್ಗಾಗಿ ಕಟ್ಟಿ, ಬುಡದಲ್ಲಿ ಒಂದು ಪೈಪು ಬಿಡಿ. ಮೀನು, ಕಪ್ಪೆಗೂ ಹಾದಿ ಬೇಕು.

ಬೋರಿಗೆ ನೀರು ಇಂಗಿಸುವವರು ಗಮನಿಸಿ. ಕೇಸಿಂಗ್ ಸುತ್ತ ದಪ್ಪ ಕಲ್ಲು, ಜೆಲ್ಲಿ, ಮರಳಿನ ಶೋಧಕ ಇಲ್ಲದೆ ಹೊಲದ ನೀರನ್ನು ನೇರ ಒಳಗೆ ಬಿಡಬೇಡಿ. ಗೊಬ್ಬರ, ಕ್ರಿಮಿನಾಶಕ, ಸಗಣಿ ಎಲ್ಲವೂ ಕುಡಿಯುವ ನೀರಿಗೆ ಸೇರುತ್ತದೆ.

ನೀಲಗಿರಿ ತೋಪಿದ್ದರೆ ಕಡಿದರೆ ಸಾಲದು. ಬುಡ ತೆಗೆಯದಿದ್ದರೆ ಮತ್ತೆ ಚಿಗುರುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ. ತೆಗೆದ ಜಾಗದಲ್ಲಿ ಮೊದಲ ಮಳೆಗೇ ಹೊಂಗೆ, ನೇರಳೆ, ಹುಣಸೆ ಇಡಿ. ಇಳಿಜಾರು ಬೋಳಾಗಿ ಒಂದು ಮಳೆಗಾಲ ಕಳೆದರೂ ಮೇಲ್ಮಣ್ಣು ಹೋಗುತ್ತದೆ.

## ಅಪಾಯದ ಸೂಚನೆಗಳು

ಕೆಲಸ ಶುರುವಾದ ಮೇಲೆ ಇವು ಕಂಡರೆ ತಡಮಾಡದೆ ಗುಂಪು ಸೇರಿಸಿ.

ಒಳ್ಳೆಯ ಮಳೆಯಾದ ವರ್ಷ ರಿಗ್ ಲಾರಿಗಳು ಊರಿಗೆ ಬರುವುದು. ಬರಗಾಲದಲ್ಲಿ ಕೊರೆಸುತ್ತಾರೆ ಎಂಬುದು ಗೊತ್ತಿರುವುದೇ. ಆದರೆ ಬಾವಿಯಲ್ಲಿ ನೀರು ಕಂಡ ವರ್ಷವೂ ಧೈರ್ಯ ಬಂದು ಕೊರೆಸುತ್ತಾರೆ. ಒಪ್ಪಂದ ಮುರಿಯುವ ಹೊತ್ತು ಹೆಚ್ಚಾಗಿ ಇದೇ.

ಬಾವಿ ಮಟ್ಟ ಏರಿದ್ದೂ ಹಳ್ಳ ಮುಂಚಿನ ತಾರೀಖಿಗೇ ನಿಲ್ಲುವುದು. ದಡದಲ್ಲಿ ಯಾರೋ ಎತ್ತುತ್ತಿದ್ದಾರೆ, ಇಲ್ಲವೇ ಹಳ್ಳದ ಮರಳು ಹೋಗಿದೆ. ನಡೆದು ನೋಡಿ.

ಬೋರಿನ ಆಳ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗುವುದು. 1,000 ಅಡಿ ದಾಟಿದ ನೀರಿನ ಮೇಲೆ ಊರು ನಿಂತಿದ್ದರೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದರ ನೋವು ಚೆನ್ನಾಗಿ ಗೊತ್ತು.

ಅಳತೆ ಬರೆಯುವವರು ಒಬ್ಬರೇ ಉಳಿಯುವುದು. ಅವರು ಊರು ಬಿಟ್ಟ ದಿನ ನೋಟ್‌ಬುಕ್ ನಿಲ್ಲುತ್ತದೆ. ಶಾಲೆಯ ದೊಡ್ಡ ಮಕ್ಕಳಿಬ್ಬರಿಗೆ ಈಗಲೇ ಕಲಿಸಿ. ಬಾವಿಕಟ್ಟೆಯ ಹತ್ತಿರ ದೊಡ್ಡವರೊಬ್ಬರು ಜೊತೆಗಿರಲಿ.

## ಹಂತ 7: ಪ್ರತಿ ವರ್ಷದ ಸಭೆ

ಸ್ವಾತಿ ಮಳೆ ಮುಗಿದ ವಾರದಲ್ಲಿ, ಹಿಂಗಾರು ಬಿತ್ತನೆಗೆ ಮುಂಚೆ, ಒಂದು ಸಭೆ. ತಡವಾದರೆ ಬೀಜ ಮಣ್ಣಿಗೆ ಬಿದ್ದಿರುತ್ತದೆ, ಮಾತಾಡಿ ಉಪಯೋಗವಿಲ್ಲ. ಆ ವರ್ಷದ ಮಳೆ, ಬಾವಿಗಳ ಮಟ್ಟ, ಹಿಂದಿನ ವರ್ಷ ಹಳ್ಳ ನಿಂತ ತಾರೀಖು, ಈ ಮೂರನ್ನು ಓದಿ ಹೇಳಿ. ಮಳೆ ಕಡಿಮೆಯಾಗಿದ್ದರೆ ಎಷ್ಟು ಎಕರೆ ಕಡಿಮೆ ಬಿತ್ತಬೇಕೆಂದು ಅಲ್ಲೇ ತೀರ್ಮಾನವಾಗಲಿ. ಬೋರ್ ಇಲ್ಲದವರಿಗೆ ಯಾರು ನೀರು ಕೊಡುತ್ತಾರೆಂದು ಹೆಸರು ಹಿಡಿದು ಬರೆದುಕೊಳ್ಳಿ.

ಸಭೆಯನ್ನು ಪಂಚಾಯತಿ ಕಟ್ಟಡದಲ್ಲಿ ಕರೆಯಬೇಡಿ. ಹಳ್ಳದ ದಡದಲ್ಲಿ ಹೊಂಗೆ ನೆರಳಿದ್ದರೆ ಅಲ್ಲಿ ಕೂರಿ. ಮೊದಲ ವರ್ಷ ಕಾಲ ಕೆಳಗೆ ಒಣಮರಳೇ ಇರಬಹುದು. ಮುಂದಿನ ವರ್ಷ ಅದೇ ಜಾಗದಲ್ಲಿ ಒಂದು ಮೊಳ ಮರಳು ತೋಡಿ, ತೇವ ಎಷ್ಟು ಆಳಕ್ಕೆ ಸಿಕ್ಕಿತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.